ಎಂಟೆಂಟು ಪುಟದ ಟೀಚರಮ್ಮ

ಆ ಫೋನು ಬಂದಾಗ ನಾನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಜೊತೆ ಜಗಳ ಆಡುತ್ತಿದ್ದೆ. ಆಧಾರ್ ಕಾರ್ಡಿನ ಫೋಟೋ ಮೊಬೈಲಿನಲ್ಲಿದೆ, ಅದನ್ನೇ ನೋಡಿ ಫ್ರೀ ಟಿಕೆಟ್ ಕೊಡಿ ಎಂದು ನಾನು. ಒರಿಜಿನಲ್ಲೇ ಬೇಕು ಎಂದು ಅವನು. "ನನ್ನ ಮುಖ ಒರಿಜಿನಲ್ ಅಲ್ವೇನ್ರೀ?" ಎಂದು ದನಿ ಏರಿಸಿದ್ದೆ, ಅಷ್ಟರಲ್ಲಿ ಅದೇ ಮೊಬೈಲು ರಿಂಗಾಯಿತು. ಗೌರಿಬಿದನೂರಿನಿಂದ, ಟೀಚರಮ್ಮನ ಪಕ್ಕದ ಮನೆಯವರು. "ಅಕ್ಕಾ, ಟೀಚರಮ್ಮ ಬೆಳಿಗ್ಗೆ ಹೋಗ್ಬಿಟ್ರು. ಕಾಫಿ ಕುಡೀತಾ ಇದ್ದೋರು ಹಂಗೇ ಒರಗಿಬಿಟ್ರಂತೆ" ಎಂದರು. ಕಂಡಕ್ಟರ್ ನನ್ನ ಮುಖ ನೋಡಿ ಏನೂ ಕೇಳದೆ ಟಿಕೆಟ್ ಹರಿದು ಕೈಗಿಟ್ಟ.

ನಾನು ಹೊರಟಿದ್ದದ್ದೇ ಅವರ ಮನೆಗೆ. ಬ್ಯಾಗಿನಲ್ಲಿ ಮಗಳು ಮೈತ್ರಿಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಪ್ರಿಂಟು ಇತ್ತು. ಪಾಸಾಗಿದ್ದಳು. ಅದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಜೊತೆಗೆ ಇನ್ನೊಂದು ಮಾತು ಹೇಳುವುದಿತ್ತು. ನಾಲ್ಕು ತಿಂಗಳ ಹಿಂದೆ ಆ ಹೆಂಗಸಿಗೆ ಯಾರೂ ಯಾರಿಗೂ ಆಡಬಾರದ ಒಂದು ಮಾತು ಆಡಿಬಿಟ್ಟಿದ್ದೆ. ಅದಕ್ಕೆ ಕ್ಷಮೆ ಕೇಳಬೇಕು, ಎದುರಿಗೆ ನಿಂತೇ ಕೇಳಬೇಕು ಎಂದು ಅಂದುಕೊಂಡು ಅಂದುಕೊಂಡು ನಾಲ್ಕು ತಿಂಗಳು ತಳ್ಳಿದ್ದೆ. ಹೋದೆ, ನೋಡಿದೆ. ಸೆರಗಿನ ಹೆಗಲಿಗೆ ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಯಾರೋ ತೆಗೆದಿದ್ದರು. ಅರ್ಧ ಗಂಟೆ ಕೂತು ಎದ್ದು ಬಂದೆ, ಕೂರಲಾಗಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಇದ್ದಾಗಲೇ ಹೆಸರೆಂದರೆ ಸಿಡುಕುತ್ತಿದ್ದರು. ಶಾಲೆಗೆ ಒಂದು ಬೀರು ಕೊಡಿಸಿದಾಗ ಅದರ ಮೇಲೆ "ದಾನಿಗಳು" ಎಂದು ಬರೆಯಲು ಹೊರಟವನ ಕೈಯಿಂದ ಬ್ರಷ್ಷನ್ನೇ ಕಿತ್ತುಕೊಂಡಿದ್ದರಂತೆ. ಊರೆಲ್ಲ ಟೀಚರಮ್ಮ ಎನ್ನುತ್ತಿತ್ತು, ನನಗೂ ಅಷ್ಟು ಸಾಕು.

ನನ್ನ ಕೋಪದ ಕಥೆ ಹೇಳದೆ ಅವರ ವಿಷಯಕ್ಕೆ ಬರಲಾಗುವುದಿಲ್ಲ. ನಾನು ಶಿಡ್ಲಘಟ್ಟದಲ್ಲಿ ಸರ್ಕಾರಿ ಆಫೀಸೊಂದರ ಗುಮಾಸ್ತೆ. ಮೈತ್ರಿಗೆ ಒಂಬತ್ತನೇ ಕ್ಲಾಸಿನಲ್ಲಿ ಫಿಟ್ಸ್ ಶುರುವಾಯಿತು. ಮಾತ್ರೆಯಿಂದ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹತ್ತನೇ ಕ್ಲಾಸಿನ ಜುಲೈನಲ್ಲಿ ಒಂದು ದಿನ ಪಾಠದ ನಡುವೆಯೇ ಬಂತು. ಯಾರೋ ಕೈಗೆ ಬೀಗದಕೈ ತುರುಕಿದರಂತೆ, ಯಾರೋ ನಕ್ಕರಂತೆ, ಯಾರೋ ಫೋನಿನಲ್ಲಿ ವಿಡಿಯೋ ಮಾಡಿದರಂತೆ. ಹೆಡ್‌ಮಾಸ್ಟರು ನನ್ನನ್ನು ಕರೆಸಿ, "ಗುಣ ಆಗೋವರೆಗೂ ಮನೇಲೇ ಇಟ್ಕೊಳ್ಳಿ ಮೇಡಂ, ಬೇರೆ ಮಕ್ಳು ಹೆದರ್ಕೊತವೆ" ಎಂದರು. "ನನ್ನ ಮಗಳೇನು ಹುಲೀನಾ ಸಾರ್, ಹೆದರ್ಕೊಳಕ್ಕೆ? ಟಿ.ಸಿ. ಕೊಡಿ!" ಎಂದು ಮೇಜು ಕುಟ್ಟಿದೆ. ಅವರೂ ಬೇಡ ಎನ್ನಲಿಲ್ಲ, ಅವತ್ತೇ ಬರೆದುಕೊಟ್ಟರು.

"ಒಂದ್ ದಿನ ತಡ್ಕೋಬಾರ್ದಿತ್ತಾ?" ಎಂದರು ನಮ್ಮ ಯಜಮಾನರು, ಅಷ್ಟೇ ಅಂದದ್ದು. ಅದಕ್ಕೂ ಅವರ ಮೇಲೆ ಹಾರಾಡಿದೆ. ಮೈತ್ರಿ ಮಾತ್ರ ಟಿ.ಸಿ. ನೋಡಿ ಉಸಿರು ಬಿಟ್ಟಳು, ಪೀಡೆ ತೊಲಗಿತು ಎನ್ನುವಂತೆ. ಅದೇ ನನ್ನನ್ನು ಹೆದರಿಸಿದ್ದು. ಅಲ್ಲಿಂದಾಚೆ ಅವಳು ನಾಲ್ಕು ಜನ ಸೇರುವ ಕಡೆ ಕಾಲಿಡಲಿಲ್ಲ. ಮದುವೆಗಿಲ್ಲ, ಅಂಗಡಿಗಿಲ್ಲ, ನಮ್ಮ ಬಡಾವಣೆಯ ಬುದ್ಧವಿಹಾರದ ಭಾನುವಾರದ ವಂದನೆಗೂ ಇಲ್ಲ. ಖಾಸಗಿಯಾಗಿ ಪರೀಕ್ಷೆ ಕಟ್ಟಿಸಬಹುದು, ಪಾಸೂ ಮಾಡಿಸಬಹುದು. ಆಮೇಲೆ? ನನ್ನ ಮಗಳು ಇನ್ನೊಂದು ಸಲ ಒಂದು ಕ್ಲಾಸಿನಲ್ಲಿ, ಬೆಂಚಿನ ಮೇಲೆ, ಬೇರೆ ಹುಡುಗಿಯರ ಪಕ್ಕ ಕೂರುತ್ತಾಳಾ? ಇಲ್ಲದಿದ್ದರೆ ಅವಳ ಬಾಳು ಹಾಳು ಮಾಡಿದವಳು ನಾನೇ, ಒಂದು ನಿಮಿಷದ ಸಿಟ್ಟಿಗೆ. ಆ ವರ್ಷವೆಲ್ಲ ಇದೊಂದು ಯೋಚನೆ ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಗಣಿತ, ವಿಜ್ಞಾನ ಹೇಗೋ ಸಾಗುತ್ತಿದ್ದವು. ಇತಿಹಾಸ ಕೈ ಕೊಟ್ಟಿತು. ಮಾತ್ರೆಗೆ ಅವಳಿಗೆ ತೂಕಡಿಕೆ, ಇಪ್ಪತ್ತು ನಿಮಿಷದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಮೊಬೈಲಿನ ಪಾಠ ನೋಡಿದರೆ ತಲೆನೋವು. ಒಂದು ಸಂಜೆ ಪಠ್ಯಪುಸ್ತಕವನ್ನು ಮಂಚದ ಮೇಲೆ ಎಸೆದು, "ಅಮ್ಮಾ, ಇದರಲ್ಲಿ ಎಲ್ಲಾರೂ ಪಟ್ಟಕ್ಕೆ ಬರ್ತಾರೆ, ಸಾಯ್ತಾರೆ. ನಂಗೆ ಯಾರ್ ಯಾರು ಅಂತ್ಲೇ ಗೊತ್ತಾಗ್ತಿಲ್ಲ. ಬೇರೆ ಪುಸ್ತಕ ಇಲ್ವಾ?" ಎಂದಳು. ಬೇರೆ ಪುಸ್ತಕ! ಅವಳು ಎಷ್ಟೋ ದಿನದಿಂದ ಏನನ್ನೂ ಕೇಳಿರಲಿಲ್ಲ. ಮಾರನೆಯ ದಿನವೇ ಅರ್ಧ ದಿನ ರಜೆ ಹಾಕಿ ಹೊರಟೆ.

ಚಿಕ್ಕಬಳ್ಳಾಪುರದ ಅಂಗಡಿಯವನು, "ಹಿಸ್ಟರಿ ಬುಕ್ಕಾ? ಯಾವ ಕ್ಲಾಸು?" ಎಂದ.

"ಕ್ಲಾಸಿಂದಲ್ಲಪ್ಪ, ಓದಕ್ಕೆ."

"ಓದಕ್ಕೆ ಅಂದ್ರೆ ಗೈಡ್ ತಗೊಳಿ ಮೇಡಂ. ಕ್ವೆಶ್ಚನ್ ಬ್ಯಾಂಕೂ ಫ್ರೀ ಇದೆ."

ಚಿಂತಾಮಣಿಯಲ್ಲಿ ರಾಜರ ಚಿತ್ರದ ಪುಸ್ತಕಗಳು ಸಿಕ್ಕವು. ಎಲ್ಲ ರಾಜರಿಗೂ ಒಂದೇ ಮೀಸೆ. ಆಫೀಸಿನ ಕೆಲಸಕ್ಕೆ ಮುರುಗಮಲ್ಲಕ್ಕೆ ಹೋದಾಗ ದರ್ಗಾದ ಮುಂದಿನ ಅಂಗಡಿಗಳಲ್ಲೂ ಕೇಳಿದೆ. ಅಲ್ಲಿ ಇದ್ದದ್ದು ಪ್ರಾರ್ಥನೆಯ ಪುಸ್ತಕಗಳು. ಪಾಪ, ಒಂದು ಅಂಗಡಿಯ ಮುದುಕರು ನಾನು ಕೇಳಿದ್ದಕ್ಕೆ ಗೋಡೆಯ ಕ್ಯಾಲೆಂಡರನ್ನೇ ಬಿಚ್ಚಿಕೊಡಲು ಬಂದರು. ಆಫೀಸಿಗೆ ವಾಪಸ್ ಬಂದು ಜೊತೆಯವರ ಮುಂದೆ ಎಲ್ಲರಿಗೂ ಸೇರಿಸಿ ಬೈದೆ. ಆಗ ನಗರಗೆರೆ ಕಡೆಯ ನನ್ನ ಸಹೋದ್ಯೋಗಿಯೊಬ್ಬ ಫೈಲಿನಿಂದ ತಲೆ ಎತ್ತಿದ. "ನಮ್ಗೆ ಗೌರಿಬಿದನೂರಲ್ಲಿ ಹಿಸ್ಟರಿ ಮಾಡ್ತಿದ್ದ ಟೀಚರಮ್ಮ ಇದಾರೆ. ರಿಟೈರಾಗಿ ಯಾವ ಕಾಲವಾಯ್ತೋ! ಮನೆ ತುಂಬಾ ಪುಸ್ತಕ. ಆದ್ರೆ ಇಡೀ ಪುಸ್ತಕ ಕೊಡಲ್ಲ, ಹರಿದು ಕೊಡ್ತಾರೆ" ಎಂದ. ತಮಾಷೆ ಎಂದುಕೊಂಡೆ.

ಮಂಚೇನಹಳ್ಳಿ ಮೇಲಿನ ಬಸ್ಸಿನಲ್ಲಿ ಹೋಗಿ, ವಿಚಾರಿಸಿಕೊಂಡು ಅವರ ಬಾಗಿಲು ತಟ್ಟಿದೆ. ಸಣ್ಣ ಆಳು, ದಾರ ಕಟ್ಟಿದ ಕನ್ನಡಕ, ಹೆಗಲಲ್ಲಿ ಸೂಜಿ. "ರಾಮ್ಮಾ, ಬಾ" ಎಂದು ಪರಿಚಯವೇ ಇಲ್ಲದ ನನ್ನನ್ನು ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಕರೆದು ಒಳಕ್ಕೆ ನಡೆದುಬಿಟ್ಟರು. ಅವರಿಗೆ ಕೂತು ಮಾತಾಡಲು ಬರುತ್ತಿರಲಿಲ್ಲ. ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ತಿರುಗುತ್ತಲೇ ಮಾತಾಡುತ್ತಿದ್ದರು. ಕೇಳಬೇಕಾದವರು ಹಿಂದೆಯೇ ತಿರುಗಬೇಕು. ನನಗೆ ಅದು ಹಿಡಿಸಿತು. ನಾನು ಮಗಳ ವಿಷಯ ಹೇಳಿದೆ, ಫಿಟ್ಸಿನ ವಿಷಯ, ಟಿ.ಸಿ.ಯ ವಿಷಯ ಎಲ್ಲ. ಅವರು ಅಯ್ಯೋ ಎನ್ನಲಿಲ್ಲ. ಕೇಳಿದ್ದು ಒಂದೇ:

"ಮಗು ಒಂದ್ ಪಟ್ಟು ಎಷ್ಟೊತ್ತು ಕೂರುತ್ತೆ?"

"ಇಪ್ಪತ್ತು ನಿಮಿಷ, ಮೇಡಂ."

"ಹಂಗಾದ್ರೆ ಎಂಟು ಪುಟ."

ಅಂದವರೇ ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಬೆನ್ನು ಮುರಿದು, ಹೆಬ್ಬೆರಳಿನಲ್ಲೇ ಎಣಿಸಿ ಪರ್ರನೆ ಕಿತ್ತರು. ನಾನು ಎದೆ ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ; ನಮ್ಮಪ್ಪ ಅಕ್ಷರ ಕಲಿಯಲು ಪಟ್ಟ ಪಾಡು ಅಂಥದ್ದು. ಟೀಚರಮ್ಮ ಹೆಗಲ ಸೂಜಿ ತೆಗೆದು, ಅಂಚಿನಲ್ಲಿ ಮೂರು ತೂತು ಹಾಕಿ, ದಾರ ಎಳೆದು, ಹಳೇ ಕ್ಯಾಲೆಂಡರಿನ ರಟ್ಟು ಹೊದಿಸಿ ನನ್ನ ಕೈಗಿಟ್ಟರು. "ಹಲಸಿನಹಣ್ಣು ಇಡಿಯಾಗಿ ಮುಂದೆ ಇಟ್ರೆ ಮಗು ಏನ್ ಮಾಡುತ್ತಮ್ಮಾ, ಅಳುತ್ತೆ. ತೊಳೆ ಬಿಡಿಸಿ ಕೊಡ್ಬೇಕು" ಎಂದರು.

ಅವರು ಈ ಚಾಳಿ ಕಲಿತದ್ದು ಚಿಕ್ಕಂದಿನಲ್ಲಂತೆ. ಮನೆಯಲ್ಲಿ ಒಂದೇ ಪುಸ್ತಕ, ಓದುವವರು ಮೂರು ಜನ ಅಕ್ಕತಂಗಿಯರು. ಹರಿದು ಹಂಚಿಕೊಂಡರು. "ನನ್ ಪಾಲಿಗೆ ನಡುವಿಂದು ಬಂತು. ರಾಜ್ರು ಹೆಂಗ್ ಬಂದ್ರೋ ಗೊತ್ತಿಲ್ಲ, ಹೆಂಗ್ ಹೋದ್ರೋ ಗೊತ್ತಿಲ್ಲ. ಇದ್ದಿದ್ದು ಮಾತ್ರ ಗೊತ್ತು!" ಎಂದು ನಗುತ್ತಿದ್ದರು. ಶಾಲೆಯಲ್ಲೂ ಹಾಗೇ ಮಾಡಿ ಒಮ್ಮೆ ಸಿಕ್ಕಿಬಿದ್ದರಂತೆ. ತನಿಖೆಗೆ ಬಂದ ಇನ್‌ಸ್ಪೆಕ್ಟರು, "ಪುಸ್ತಕ ಎಲ್ಲಮ್ಮಾ?" ಎಂದರೆ, "ಮಕ್ಕಳ ಜೇಬಲ್ಲಿದೆ ಸಾರ್" ಎಂದರಂತೆ. ಅವರ ಬೀದಿಯಲ್ಲಿ ಕೆಲವರು ಪುಸ್ತಕ ಹರಿಯೋ ಹುಚ್ಚಮ್ಮ ಎಂದೂ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಮೈತ್ರಿ ಮೊದಲ ಎಂಟು ಪುಟವನ್ನು ಒಂದೇ ಸಲಕ್ಕೆ ಓದಿ ಮುಗಿಸಿದಳು. ಮುಗಿಸಿ, "ಮುಗೀತು!" ಎಂದು ಕೂಗಿದಳು. ಎಷ್ಟೋ ತಿಂಗಳಿಂದ ಆ ಹುಡುಗಿ ಒಂದು ಕೆಲಸ ಮುಗಿಸಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ.

ಅಲ್ಲಿಂದ ವಾರಕ್ಕೊಂದು ಸಲ ನನ್ನ ಓಡಾಟ ಶುರುವಾಯಿತು. ಎರಡು ಬಸ್ಸು ಹೋಗುತ್ತಾ, ಎರಡು ಬಸ್ಸು ಬರುತ್ತಾ. ನಮ್ಮ ಊರಿನ ರೇಷ್ಮೆ ದಾರ ಒಂದು ಲಡಿ ಕೊಂಡೊಯ್ದೆ, ಹೊಲಿಯಲಿ ಎಂದು. "ಚಂದ ಇದೆ, ಆದ್ರೆ ಗಂಟು ನಿಲ್ಲಲ್ಲ, ಜಾರುತ್ತೆ. ಮೇಣದಬತ್ತಿ ಉಜ್ಜಿ ನೋಡಣ" ಎಂದು ಉಜ್ಜಿ ನೋಡಿ ಒಪ್ಪಿಕೊಂಡರು. ಪ್ರತಿ ಕಟ್ಟಿನಲ್ಲೂ ಒಂದು ಪ್ರಶ್ನೆ ಬರೆದಿಡುತ್ತಿದ್ದರು. ಇಸವಿ ಕೇಳುತ್ತಿರಲಿಲ್ಲ. "ಗಂಗರ ಕಾಲದಲ್ಲಿ ಉಪ್ಪುಸಾರಿಗೆ ಖಾರ ಎಲ್ಲಿಂದ ಬಂತು? ಮೆಣಸಿನಕಾಯಿ ಇನ್ನೂ ನಮ್ ದೇಶಕ್ಕೇ ಬಂದಿರ್ಲಿಲ್ಲ" ಎಂದು ಬರೆದಿದ್ದರು ಒಮ್ಮೆ. ಮೈತ್ರಿಗೆ ಎರಡು ದಿನ ಅದೇ ಧ್ಯಾನ. "ಅಮ್ಮಾ, ಕಾಳುಮೆಣಸು!" ಎಂದು ನಾನು ಆಫೀಸಿನಲ್ಲಿರುವಾಗ ಫೋನ್ ಮಾಡಿದಳು.

ಒಂದು ಸಲ ಟೀಚರಮ್ಮ, "ಮಗೂ ತಾತ ಯಾವೂರು?" ಎಂದರು. ನನಗೆ ಮೈ ಉರಿಯಿತು. ಈ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ನಮಗೆ ಚೆನ್ನಾಗಿ ಗೊತ್ತು. "ಯಾಕೆ ಮೇಡಂ?" ಎಂದು ಸೆಟೆದೆ.

"ಊರು ಗೊತ್ತಾದ್ರೆ ಅಲ್ಲಿಂದ ಶುರು ಮಾಡ್ತೀನಿ. ಅಲ್ಲಿ ಕೆರೆ ಇರುತ್ತೆ, ಕೋಟೆ ಇರುತ್ತೆ, ಕಲ್ಲು ಇರುತ್ತೆ."

"ಜಂಗಮಕೋಟೆ ಕಡೆ. ಕೆರೆ ಇತ್ತು. ನಮ್ ತಾತ ಆ ಕೆರೆ ನೀರು ಮುಟ್ಟೋ ಹಂಗಿರ್ಲಿಲ್ಲ. ಅದು ನಿಮ್ ಪುಸ್ತಕದಲ್ಲಿದೆಯಾ?" ಎಂದೆ.

ತಿರುಗಾಡುತ್ತಿದ್ದವರು ನಿಂತರು. ಅವರು ನಿಂತದ್ದನ್ನು ನಾನು ನೋಡಿದ್ದು ಅವತ್ತೇ. "ಇಲ್ಲ ಕಣಮ್ಮಾ" ಎಂದರು. ಆಮೇಲೆ ಹೊಲಿದಿದ್ದ ಕಟ್ಟನ್ನು ಬಿಚ್ಚಿ, ಕೊನೆಗೆ ಎರಡು ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿದರು. "ಇಲ್ದಿದ್ದನ್ನ ಮಗು ಬರೀಲಿ" ಎಂದರು. ಅಂದಿನಿಂದ ಎಲ್ಲ ಕಟ್ಟಿನ ಕೊನೆಗೂ ಎರಡು ಖಾಲಿ ಹಾಳೆ ಇರುತ್ತಿದ್ದವು. ಮೈತ್ರಿ ನಮ್ಮಪ್ಪನಿಗೆ ಫೋನ್ ಮಾಡಿ ಮಾಡಿ ಕೇಳಿ ಬರೆಯತೊಡಗಿದಳು. ನನಗೇ ಗೊತ್ತಿಲ್ಲದ ಸಂಗತಿಗಳು ಆ ಹಾಳೆಗಳಲ್ಲಿ ಬಂದವು.

ಇನ್ನು ಆ ಮಾತಿಗೆ ಬರಬೇಕು. ಡಿಸೆಂಬರಿನಲ್ಲಿ ಒಂದು ಗ್ರಂಥಾಲಯದ ಬೀರುವಿನಲ್ಲಿ ನಮ್ಮ ಸೀಮೆಯ ಕೆರೆ, ಕೋಟೆ, ಪಾಳೆಯಗಾರರ ಬಗ್ಗೆ ಒಂದು ಹಳೆಯ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಇದ್ದದ್ದು ಒಂದೇ ಪ್ರತಿ, ಹೊರಗೆ ಕೊಡುವಂತಿಲ್ಲ. ಅಲ್ಲಿನ ನೌಕರ ನನಗೆ ಪರಿಚಯದವನು. "ಅಕ್ಕಾ, ನನ್ ಮೇಲೆ ತಗೊಂಡು ಕೊಡ್ತಿದೀನಿ. ಸಂಕ್ರಾಂತಿ ಒಳಗೆ ವಾಪಸ್ ಬರ್ಬೇಕು, ಇಲ್ದಿದ್ರೆ ನನ್ ಕೆಲಸಕ್ಕೇ ಸಂಚಕಾರ" ಎಂದು ಹತ್ತು ಸಲ ಹೇಳಿ ಕೊಟ್ಟ. ನಾನು ಅದನ್ನು ಟೀಚರಮ್ಮನಿಗೆ ತೋರಿಸಿ, ಯಾವ ಯಾವ ಪುಟ ಜೆರಾಕ್ಸ್ ಮಾಡಿಸಲಿ ಎಂದು ಕೇಳಿದೆ. "ಇಟ್ಟು ಹೋಗು, ನೋಡಿ ಹೇಳ್ತೀನಿ" ಎಂದರು.

ಮುಂದಿನ ವಾರ ಹೋದರೆ ಮೇಜಿನ ಮೇಲೆ ಇಪ್ಪತ್ತೈದು ಕಟ್ಟು. ಸಾಲಾಗಿ ಜೋಡಿಸಿದ್ದರು. ಪಕ್ಕದಲ್ಲಿ ಖಾಲಿ ರಟ್ಟು ಬಿದ್ದಿತ್ತು, ಒಳಗೆ ಏನೂ ಇಲ್ಲ. ಅದರ ಮೇಲೆ ಗ್ರಂಥಾಲಯದ ಸೀಲು.

"ಮೇಡಂ! ಸೀಲ್ ಕಾಣ್ಲಿಲ್ವಾ ನಿಮ್ಗೆ?"

"ಕಾಣ್ತು. ಅದರ ಮೇಲಿನ ಧೂಳೂ ಕಾಣ್ತು. ಎಷ್ಟೋ ವರ್ಷ ಯಾರೂ ಮುಟ್ಟಿಲ್ಲಮ್ಮಾ ಅದನ್ನ. ಮಗು ಓದ್ಲಿ. ಆಮೇಲೆ ಒಟ್ಟಿಗೆ ಹೊಲಿದು ಕೊಡಣ, ಪರವಾಲೇದು."

"ಪರವಾಲೇದಾ? ಅವನ ಕೆಲಸ ಹೋದ್ರೆ ನೀವ್ ಕೊಡಿಸ್ತೀರಾ? ಅವನಿಗೂ ಹೆಂಡ್ತಿ ಮಕ್ಕಳಿದಾರೆ!" ಎಂದು ಕಿರುಚಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿಮಗೇನ್ ಗೊತ್ತಾಗುತ್ತೆ? ಮಕ್ಕಳಿದ್ದಿದ್ರೆ ತಾನೇ ಇನ್ನೊಬ್ಬರ ಸಂಕಟ ಗೊತ್ತಾಗೋದು" ಎಂದುಬಿಟ್ಟೆ.

ಅವರು ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ಹಾಗೇ ಇತ್ತು, ದಾರ ಮಾತ್ರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು. ನಾನು ಇಪ್ಪತ್ತೈದು ಕಟ್ಟನ್ನೂ ಚೀಲಕ್ಕೆ ತುರುಕಿಕೊಂಡು ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು, "ಯಾಕಮ್ಮಾ, ಮನೇಲಿ ಏನಾದ್ರೂ ಆಯ್ತಾ?" ಎಂದು ಕೇಳಿದಳು. ನನ್ನ ಮುಖ ಹಾಗಿದ್ದಿರಬೇಕು.

ಮಗಳಿಗೆ ಏನೂ ಹೇಳಲಿಲ್ಲ. ಅವಳು ಕಟ್ಟುಗಳನ್ನು ನೋಡಿ ಹಬ್ಬ ಮಾಡಿದಳು. ದಿನಕ್ಕೆ ಎರಡು, ಮೂರು. ಖಾಲಿ ಹಾಳೆಗಳೆಲ್ಲ ತುಂಬಿದವು. ಅತ್ತ ಗ್ರಂಥಾಲಯದವನು ಫೋನ್ ಮೇಲೆ ಫೋನ್. ನಾನು ಚಿಕ್ಕಬಳ್ಳಾಪುರದಲ್ಲಿ ಬೈಂಡಿಂಗ್ ಮಾಡುವವರನ್ನೆಲ್ಲ ಕೇಳಿಕೊಂಡು ಬಂದೆ. ಬಿಡಿ ಹಾಳೆ, ಅಂಚಿನಲ್ಲಿ ತೂತು ಬೇರೆ, ಆಗಲ್ಲ ಎಂದರು. ಗೌರಿಬಿದನೂರಿಗೆ ಹೋಗಲು ಮುಖವಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಮೈತ್ರಿ ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದಳು.

"ಅಮ್ಮಾ, ನಾನು ಆ ಮಿಸ್ಸನ್ನ ನೋಡ್ಬೇಕು. ವಿದುರಾಶ್ವತ್ಥದ ವಿಷ್ಯ ಕೇಳ್ಬೇಕು. ಹೋಗಣ ನಡಿ."

ಆರು ತಿಂಗಳಿಂದ ಬೀದಿ ದಾಟದ ಹುಡುಗಿ! ನನ್ನ ನಾಚಿಕೆಯನ್ನು ಕಟ್ಟಿಕೊಂಡು ಏನು ಮಾಡಲಿ? ಹೊರಟೆ. ಕಟ್ಟುಗಳ ಚೀಲ ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಇಡೀ ದಾರಿ ಅವಳ ಕೈ ಹಿಡಿದು ಕೂತಿದ್ದೆ, ಅವಳಿಗೆ ಬೆವರು, ನನಗೆ ಅದಕ್ಕಿಂತ ಬೆವರು. ಟೀಚರಮ್ಮ ಬಾಗಿಲು ತೆಗೆದರು. ನನ್ನತ್ತ ನೋಡಲಿಲ್ಲ. "ಬಂದ್ಯಾ ತಲ್ಲಿ, ಬಾ ನನ್ ತಾಯಿ" ಎಂದು ಅವಳ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ತಕ್ಷಣ ತಿರುಗಾಟ ಶುರುವಾಯಿತು. ಮುಂದೆ ಅವರು, ಹಿಂದೆ ಮೈತ್ರಿ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಜನ ಸೇರಿದ್ದು, ಪೊಲೀಸರು ಬಂದದ್ದು. "ನಮ್ ಪಕ್ಕದ ಬೀದಿ ಅಜ್ಜಿ ಅವತ್ತು ಸೊಂಟದಲ್ಲಿ ಕೂಸು ಇಟ್ಕೊಂಡು ಹೋಗಿದ್ಳಂತೆ, ಬಾವುಟ ನೋಡಕ್ಕೆ..." ಎನ್ನುತ್ತಿರುವಾಗಲೇ ಮೈತ್ರಿ ಅಡುಗೆಮನೆ ಬಾಗಿಲಿನಲ್ಲಿ ನಿಂತವಳು ಸೆಟೆದಳು.

ನಾನು ಕೂಗಿಕೊಂಡೆ. ಯಾವಾಗಲೂ ಕೂಗುತ್ತೇನೆ, ಏನು ಮಾಡಬೇಕೆಂದು ಗೊತ್ತಿದ್ದೂ ಕೂಗುತ್ತೇನೆ. ಟೀಚರಮ್ಮ ಅವಳನ್ನು ಬೀಳದಂತೆ ತಬ್ಬಿ ಹಿಡಿದು ನೆಲಕ್ಕೆ ಇಳಿಸಿದರು, ಮಗ್ಗುಲಿಗೆ ತಿರುಗಿಸಿದರು, ತಲೆ ಕೆಳಗೆ ತಮ್ಮ ಶಾಲು ಇಟ್ಟರು. ಸದ್ದು ಕೇಳಿ ಓಡಿಬಂದ ಪಕ್ಕದ ಮನೆಯವರು ಕಬ್ಬಿಣದ ಸೌಟು ತಂದರೆ, "ಅದನ್ನ ಸಾರಿಗೆ ಹಾಕ್ಕೊ ಹೋಗು" ಎಂದರು. ಆಮೇಲೆ ಗೋಡೆ ಗಡಿಯಾರ ನೋಡುತ್ತಾ ಸುಮ್ಮನೆ ಕೂತರು. ಯಾವತ್ತೂ ಕೂರದವರು ನೆಲದ ಮೇಲೆ ಕೂತು ಗಡಿಯಾರ ನೋಡಿದರು.

ಆಮೇಲೆ ಮೈತ್ರಿ ನಿದ್ದೆ ಹೋದಳು. ಅವಳು ಮಲಗಿರುವಷ್ಟು ಹೊತ್ತೂ ಟೀಚರಮ್ಮ ಪಕ್ಕದಲ್ಲೇ ಕೂತು, ನಾವು ತಂದಿದ್ದ ಇಪ್ಪತ್ತೈದು ಕಟ್ಟನ್ನು ಒಂದೊಂದಾಗಿ ಬಿಚ್ಚತೊಡಗಿದರು. "ಮೇಡಂ, ಅವತ್ತು..." ಎಂದೆ. "ದಾರದ ತುದಿ ಹಿಡ್ಕೋ" ಎಂದರು. ಹಿಡಿದುಕೊಂಡೆ.

ಮೈತ್ರಿಗೆ ಎಚ್ಚರವಾಯಿತು. ಎಲ್ಲಿದ್ದೇನೆಂದು ನೋಡಿದಳು, ಶಾಲು ನೋಡಿದಳು, ಮುಖ ಮುಚ್ಚಿಕೊಂಡು ಅಳತೊಡಗಿದಳು. "ಸಾರಿ ಮಿಸ್, ಸಾರಿ ಮಿಸ್" ಎಂದು ಬಿಕ್ಕಿದಳು.

"ಸಾರಿ ಯಾಕೆ? ಬಂದಿದ್ದು ಎರಡು ನಿಮಿಷ. ಆಮೇಲೆ ನಲವತ್ತು ನಿಮಿಷ ನಿದ್ದೆ ಮಾಡ್ದೆ, ಅಷ್ಟು ನಿದ್ದೆ ನಂಗೂ ದಿನಾ ಮಧ್ಯಾಹ್ನ ಬೇಕು. ನೀರು ಕುಡಿ. ಪಾಠ ಎಲ್ಲಿಗೆ ನಿಂತಿತ್ತು?"

ಮೈತ್ರಿ ಕಣ್ಣು ಒರೆಸಿಕೊಂಡು ತುಂಬ ಹೊತ್ತು ಯೋಚಿಸಿದಳು. "ಅಜ್ಜಿ... ಸೊಂಟದಲ್ಲಿ ಕೂಸು" ಎಂದಳು.

"ಹಾಂ. ಆ ಕೂಸು ಎದ್ದು ಅಳಕ್ಕೆ ಶುರು ಮಾಡ್ತು" ಎಂದು ಟೀಚರಮ್ಮ ಎದ್ದು ಮತ್ತೆ ತಿರುಗತೊಡಗಿದರು. ಮೈತ್ರಿಗೆ ಅಂದು ಎದ್ದು ಹಿಂದೆ ತಿರುಗಲು ತ್ರಾಣವಿರಲಿಲ್ಲ, ಕೂತಲ್ಲೇ ಅವರನ್ನೇ ನೋಡುತ್ತಾ ಕೇಳಿದಳು. ಹೊರಡುವಾಗ ಅವಳೇ ಕೇಳಿದಳೆಂದು, ಫಿಟ್ಸ್ ಬಂದಾಗ ತಾವು ಏನೇನು ಮಾಡಿದರೆಂಬುದನ್ನೂ ಟೀಚರಮ್ಮ ಒಂದೊಂದಾಗಿ ಹೇಳಿದರು.

ಪುಸ್ತಕವನ್ನು ಅವರು ನಾಲ್ಕೇ ದಿನದಲ್ಲಿ ದಬ್ಬಣದಿಂದ ಹೊಲಿದು, ಮೈದಾ ಅಂಟು ಹಾಕಿ, ಹಳೆಯ ರಟ್ಟಿಗೇ ಸೇರಿಸಿದರು. ಗ್ರಂಥಾಲಯಕ್ಕೆ ನನ್ನ ಜೊತೆ ತಾವೇ ಬಂದು, "ಕೇಳದೆ ಹರಿದಿದ್ದು ನಾನು ಕಣಪ್ಪಾ, ತಪ್ಪು ನಂದು. ಈಯಮ್ಮಂದೇನಿಲ್ಲ" ಎಂದರು. ಅವನು ಪುಟ ಎಣಿಸಿದ. "ಎಲ್ಲಾ ಇದೆ ಮೇಡಂ. ಅಲ್ಲ, ಜಾಸ್ತಿನೇ ಇದೆಯಲ್ಲ, ಯಾರೋ ಕೈಯಲ್ಲಿ ಬರೆದಿರೋದು?" ಎಂದ. ನಾನು ಇಣುಕಿ ನೋಡಿದೆ. ಮೈತ್ರಿ ತುಂಬಿಸಿದ್ದ ಹಾಳೆಗಳನ್ನು ಅವರು ತೆಗೆದೇ ಇರಲಿಲ್ಲ. ನಮ್ಮ ತಾತ, ಆ ಕೆರೆ, ನಮ್ಮಪ್ಪ ರಾತ್ರಿಶಾಲೆಗೆ ಹೋದದ್ದು, ಎಲ್ಲ ಆ ಪುಸ್ತಕದ ಜೊತೆಗೇ ಹೊಲಿದುಹೋಗಿತ್ತು. "ಅವೂ ಅದರದ್ದೇ ಪುಟ, ಇರ್ಲಿ ಬಿಡು" ಎಂದರು ಟೀಚರಮ್ಮ. ಅವನು ತಲೆ ಕೆರೆದುಕೊಂಡು ಪುಸ್ತಕವನ್ನು ಬೀರುವಿಗೆ ಸೇರಿಸಿದ.

ಅಷ್ಟಾದ ಮೇಲೂ ನಾನು ಕ್ಷಮೆ ಕೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರ ಬಸ್ಸು ಬರುವವರೆಗೆ ಮುಕ್ಕಾಲು ಗಂಟೆ ಇಬ್ಬರೇ ನಿಂತಿದ್ದೆವು. ಆಗಲೂ ಕೇಳಲಿಲ್ಲ. ಆಮೇಲೆ ಪರೀಕ್ಷೆ ಎಂದೆ, ಆಮೇಲೆ ಫಲಿತಾಂಶ ಬರಲಿ ಎಂದೆ. ಯಾರ ಮೇಲಾದರೂ ಹಾರಾಡಲು ನನಗೆ ಒಂದು ಕ್ಷಣ ಸಾಕು. ತಪ್ಪಾಯಿತು ಎನ್ನಲು ನಾಲ್ಕು ತಿಂಗಳು ಸಾಲಲಿಲ್ಲ. ನಾಚಿಕೆಯಾಗುತ್ತದೆ.

ಪರೀಕ್ಷೆಯನ್ನು ಮೈತ್ರಿ ಬರೆದದ್ದು ಡಾಕ್ಟರ ಪತ್ರದ ಮೇಲೆ, ಬೇರೆ ಕೋಣೆಯಲ್ಲಿ, ಒಬ್ಬಳೇ. ಹಾಗಾಗಿ ಪಾಸಾದರೂ ನನ್ನ ಹಳೆಯ ಭಯ ಹಾಗೇ ಇತ್ತು. ಟೀಚರಮ್ಮ ಹೋದ ಸುದ್ದಿ ಕೇಳಿ ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಪಿಯು ಅರ್ಜಿಯ ಕೊನೆಯ ದಿನ. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಬಂದಳು.

ಪ್ರಿನ್ಸಿಪಾಲರು ಕಾಗದಗಳನ್ನು ತಿರುವಿದರು. "ಖಾಸಗಿ ಅಂತ ಇದೆ. ಸ್ಕೂಲ್ ಯಾಕೆ ಬಿಟ್ರಿ?" ಎಂದರು. ನನಗೆ ಗೊತ್ತಿತ್ತು, ಇಲ್ಲೂ ಅದೇ ಶುರುವಾಗುತ್ತದೆ ಎಂದು. ರಾತ್ರಿಯೆಲ್ಲ ಹೊಂದಿಸಿಕೊಂಡ ಮಾತುಗಳನ್ನು ತೆಗೆದು, ಕುರ್ಚಿಯಿಂದ ಅರ್ಧ ಎದ್ದೆ. ಮೈತ್ರಿ ನನ್ನ ಮೊಣಕೈ ಹಿಡಿದು ಕೂರಿಸಿದಳು.

"ಸಾರ್, ನಂಗೆ ಫಿಟ್ಸ್ ಬರುತ್ತೆ. ಕ್ಲಾಸಲ್ಲೂ ಬರಬಹುದು" ಎಂದಳು.

"ಓ... ಬಂದ್ರೆ ನಾವೇನ್ ಮಾಡ್ಬೇಕಮ್ಮಾ?"

"ಮಗ್ಗುಲಿಗೆ ಮಲಗ್ಸಿ ಸಾರ್. ಕೈಗೆ, ಬಾಯಿಗೆ ಏನೂ ಕೊಡ್ಬೇಡಿ. ಗಡಿಯಾರ ನೋಡ್ಕೊಳಿ. ಎರಡು ನಿಮಿಷಕ್ಕೆ ಹೋಗುತ್ತೆ, ಐದು ದಾಟಿದ್ರೆ ಮಾತ್ರ ಆಸ್ಪತ್ರೆ. ಆಮೇಲೆ ಪಾಠ ಎಲ್ಲಿಗೆ ನಿಂತಿತ್ತು ಅಂತ ಯಾರಾದ್ರೂ ಹೇಳಿದ್ರೆ ಸಾಕು."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ರಮ್ಮಾ? ಡಾಕ್ಟರಾ?"

"ಅಲ್ಲ ಸಾರ್. ನಮ್ ಹಿಸ್ಟರಿ ಮಿಸ್ಸು" ಎಂದಳು. "ಮೊನ್ನೆ ತೀರ್ಕೊಂಡ್ರು."

ಪ್ರಿನ್ಸಿಪಾಲರು ಒಂದು ಬಿಳಿ ಹಾಳೆ ತೆಗೆದು, "ಇನ್ನೊಂದ್ಸಲ ಹೇಳು, ಬರ್ಕೊತೀನಿ. ಸ್ಟಾಫ್ ರೂಮಲ್ಲಿ ಹಾಕ್ತೀನಿ" ಎಂದರು. ಅವಳು ನಿಧಾನವಾಗಿ ಮೊದಲಿನಿಂದ ಹೇಳತೊಡಗಿದಳು, ಅವರು ಬರೆದುಕೊಳ್ಳತೊಡಗಿದರು. ಜಗಳಕ್ಕೆಂದೇ ಹೋದ ಕೋಣೆಯಲ್ಲಿ ಕೂತು, ಸೆರಗು ಮುಖಕ್ಕೆ ಒತ್ತಿಕೊಂಡು, ತಪ್ಪಾಯ್ತು ಮೇಡಂ, ತಪ್ಪಾಯ್ತು ಎಂದು ನಾನು ಅಳುತ್ತಿದ್ದೆ. ಪ್ರಿನ್ಸಿಪಾಲರು ಪೆನ್ನು ನಿಲ್ಲಿಸಿ, ಯಾರಿಗೆ ಹೇಳುತ್ತಿದ್ದಾರೆ ಎನ್ನುವಂತೆ ಮೈತ್ರಿಯನ್ನು ನೋಡಿದರು.

"ನೀವು ಬರ್ಕೊಳಿ ಸಾರ್," ಎಂದಳು ಅವಳು, "ಅಮ್ಮಂಗೂ ಎರಡು ನಿಮಿಷ ಬೇಕು."